ನಾಲ್ಕು ಪುಟ ಓದುವಷ್ಟರಲ್ಲಿ ಕೈ ಫೋನಿನ ಕಡೆ ಹೋಗುತ್ತದೆ

ಪ್ರಶ್ನೆ: ನಾನು ದಾವಣಗೆರೆಯವನು. ವಯಸ್ಸು 47, ಬ್ಯಾಂಕಿನಲ್ಲಿ ಕೆಲಸ. ಕಾಲೇಜಿನ ದಿನಗಳಲ್ಲಿ ದಪ್ಪ ಕಾದಂಬರಿಯನ್ನು ಎರಡು ರಾತ್ರಿಯಲ್ಲಿ ಮುಗಿಸುತ್ತಿದ್ದೆ. ಈಗ ನಾಲ್ಕು ಪುಟ ಓದುವಷ್ಟರಲ್ಲಿ ಕೈ ಫೋನಿನ ಕಡೆ ಹೋಗುತ್ತದೆ. ಮೊನ್ನೆ ಕೈಯಲ್ಲಿ ಒಂದು ಅರ್ಜಿ ಬರೆಯಲು ಕೂತರೆ ‘ಅಭಿವೃದ್ಧಿ’ಗೆ ಯಾವ ಒತ್ತು ಅಂತಲೇ ತೋಚಲಿಲ್ಲ. ಮಗಳು ಎರಡನೇ ಪಿಯುಸಿ. ಲೆಕ್ಕ ಬರದಿದ್ದರೆ ಚಾಟ್‌ಜಿಪಿಟಿ ಕೇಳುತ್ತಾಳೆ. ‘ಹುಡುಕಿದರೆ ಸಿಗೋದನ್ನ ಯಾಕೆ ನೆನಪಿಟ್ಕೋಬೇಕು’ ಅಂತಾಳೆ. 76 ವರ್ಷದ ನಮ್ಮ ತಂದೆ ಕೂಡ ಈಗ ಸ್ಮಾರ್ಟ್‌ಫೋನ್ ಕಲಿತಿದ್ದಾರೆ. ಮನುಷ್ಯನ ಗಮನ 8 ಸೆಕೆಂಡಿಗೆ ಇಳಿದಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದೆ. ನಮ್ಮ ಮನೆಯವರ ಮೆದುಳೆಲ್ಲ ಹಾಳಾಗುತ್ತಿದೆಯೇ?

ಉತ್ತರ: ಮೊದಲು ಆ 8 ಸೆಕೆಂಡಿನ ಮಾತನ್ನು ಬದಿಗಿಡೋಣ. ‘ಚಿನ್ನದ ಮೀನಿನ ಗಮನ 9 ಸೆಕೆಂಡು, ನಮ್ಮದು 8’ ಎಂಬ ಸಾಲು ವರ್ಷಗಳಿಂದ ಕೈಯಿಂದ ಕೈಗೆ ಓಡಾಡುತ್ತಿದೆ. ಅದರ ಬೆನ್ನಿಗೆ ನಂಬುವಂಥ ಯಾವ ಅಧ್ಯಯನವೂ ಇಲ್ಲ. ಗಮನವನ್ನು ರಕ್ತದೊತ್ತಡದ ಹಾಗೆ ಒಂದು ಸಂಖ್ಯೆಯಲ್ಲಿ ಅಳೆಯಲು ಬರುವುದಿಲ್ಲ. ಎರಡು ಪುಟ ಓದಲಾರದ ಮನುಷ್ಯ ಕ್ರಿಕೆಟ್ಟಿನ ಕೊನೆಯ ಓವರನ್ನು ಉಸಿರು ಬಿಗಿಹಿಡಿದು ನೋಡುತ್ತಾನೆ, ಅಲ್ವಾ?

ನಿಮ್ಮ ಮೆದುಳು ಹಾಳಾಗಿಲ್ಲ. ಆದರೆ ನಿಮಗೆ ಅನಿಸಿದ್ದು ಸುಳ್ಳೂ ಅಲ್ಲ. ಏನೋ ಬದಲಾಗಿದೆ. ಏನು ಅಂತ ಬಿಡಿಸಿ ನೋಡೋಣ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವೈನ್ ಕೇಂದ್ರದಲ್ಲಿ ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ ಇದ್ದಾರೆ. ಕಚೇರಿಯಲ್ಲಿ ಕೆಲಸ ಮಾಡುವವರು ಒಂದು ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅವರು 2004ರ ಹೊತ್ತಿಗೇ ಅಳೆಯತೊಡಗಿದ್ದರು. ಆಗ ಸರಾಸರಿ ಎರಡೂವರೆ ನಿಮಿಷ. ಈಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಬಂದಿದೆ. ಇದು ನಮ್ಮ ಶಕ್ತಿಯ ಅಳತೆಯಲ್ಲ, ನಮ್ಮ ರೂಢಿಯ ಅಳತೆ. ಅವರ ಕೆಲಸದಲ್ಲಿ ನನಗೆ ಇನ್ನೂ ಮುಖ್ಯ ಎನಿಸಿದ್ದು ಬೇರೆ. ಕೆಲಸ ತಪ್ಪಿಸುವ ಅಡ್ಡಿಗಳಲ್ಲಿ ಸುಮಾರು ಅರ್ಧ ಹೊರಗಿನಿಂದ ಬರುವುದೇ ಇಲ್ಲ. ಯಾರೂ ಕರೆದಿರುವುದಿಲ್ಲ, ಗಂಟೆ ಬಾರಿಸಿರುವುದಿಲ್ಲ. ನಾವೇ ಎದ್ದು ಹೋಗಿರುತ್ತೇವೆ. ನಾಲ್ಕನೇ ಪುಟದಲ್ಲಿ ನಿಮ್ಮ ಕೈ ಮಾಡುತ್ತಿರುವುದು ಇದನ್ನೇ.

ಓದು ಹುಟ್ಟಿನಿಂದ ಬಂದ ಗುಣ ಅಲ್ಲ. ಮಗು ಮಾತು ತಾನಾಗಿ ಕಲಿಯುತ್ತದೆ, ಓದು ಹಾಗೆ ಬರುವುದಿಲ್ಲ. ಬರವಣಿಗೆ ಹುಟ್ಟಿ ಸುಮಾರು 5000 ವರ್ಷ ಆಗಿದೆ, ಅಷ್ಟೇ. ಓದಿಗಾಗಿಯೇ ಮೆದುಳಿನಲ್ಲಿ ಒಂದು ಜಾಗ ಮೊದಲೇ ಸಿದ್ಧವಾಗಿರಲು ಆ ಕಾಲ ಸಾಲದು. ಬೇರೆ ಕೆಲಸಕ್ಕಿದ್ದ ಭಾಗಗಳನ್ನೇ ನಾವು ವರ್ಷಗಟ್ಟಲೆ ಪಳಗಿಸಿ ಓದಿಗೆ ಒಗ್ಗಿಸಿಕೊಳ್ಳುತ್ತೇವೆ. ಪಳಗಿಸಿದ್ದು ಬಳಸದಿದ್ದರೆ ಮೊಂಡಾಗುತ್ತದೆ, ಬಳಸಿದರೆ ಮತ್ತೆ ಹರಿತವಾಗುತ್ತದೆ.

ಇದನ್ನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಲಕ್ನೋ ಹತ್ತಿರದ ಹಳ್ಳಿಗಳಲ್ಲಿ ಅಕ್ಷರವೇ ಗೊತ್ತಿಲ್ಲದ, ಹೆಚ್ಚಿನವರು ಹೆಂಗಸರೇ ಇದ್ದ ಒಂದು ಗುಂಪಿಗೆ ಆರು ತಿಂಗಳು ದೇವನಾಗರಿ ಓದು ಬರಹ ಕಲಿಸಿದರು. ಅವರ ಸರಾಸರಿ ವಯಸ್ಸು 30ರ ಆಸುಪಾಸು. ಮೊದಲೊಮ್ಮೆ, ಕೊನೆಯಲ್ಲೊಮ್ಮೆ ಮೆದುಳಿನ ಸ್ಕ್ಯಾನ್ ಮಾಡಿದರು. 2017ರಲ್ಲಿ ಫಲಿತಾಂಶ ಬಂತು. ಮೆದುಳಿನ ಆಳದ ಕೆಲವು ಭಾಗಗಳು ನೋಟದ ಭಾಗದೊಂದಿಗೆ ಮೊದಲಿಗಿಂತ ಹೆಚ್ಚು ಹೊಂದಿಕೊಂಡು ಕೆಲಸ ಮಾಡತೊಡಗಿದ್ದವು. ಆರೇ ತಿಂಗಳು! ಅಕ್ಷರ ಕಂಡೇ ಇರದ ಮೆದುಳು 30ರ ಹರೆಯದಲ್ಲಿ ಅಷ್ಟು ಬದಲಾಗಬಹುದಾದರೆ, ಸಾವಿರಾರು ಪುಟ ಓದಿದ ನಿಮ್ಮ ಮೆದುಳಿಗೆ ಹಳೆಯ ದಾರಿ ಹಿಡಿಯುವುದು ಎಷ್ಟರ ಮಾತು?

ಇನ್ನು ಪರದೆ ಮತ್ತು ಕಾಗದದ ಪ್ರಶ್ನೆ. ಇಲ್ಲಿ ಜನ ಮಾಹಿತಿಯ ಓದು, ಕಥೆಯ ಓದು ಎಂಬ ಎರಡು ಬೇರೆ ವಿಷಯಗಳನ್ನು ಕಲಸುತ್ತಾರೆ. ಸ್ಪೇನ್ ಮತ್ತು ಇಸ್ರೇಲಿನ ಸಂಶೋಧಕರು 2000ದಿಂದ 2017ರವರೆಗೆ ನಡೆದ 54 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. 1,70,000ಕ್ಕೂ ಹೆಚ್ಚು ಓದುಗರ ಲೆಕ್ಕ ಅದು. ಮಾಹಿತಿ ಕೊಡುವ ಬರಹವಾದರೆ ಕಾಗದದಲ್ಲಿ ಓದಿದವರಿಗೆ ಸ್ವಲ್ಪ ಹೆಚ್ಚು ಅರ್ಥವಾಗಿತ್ತು. ಓದಲು ಇಷ್ಟೇ ಸಮಯ ಎಂದು ಕಟ್ಟುಪಾಡು ಹಾಕಿದಾಗ ಆ ಅಂತರ ಜಾಸ್ತಿಯಾಯಿತು. ಆದರೆ ಕಥೆ ಓದಿದಾಗ ಕಾಗದಕ್ಕೂ ಪರದೆಗೂ ಎದ್ದು ಕಾಣುವ ವ್ಯತ್ಯಾಸ ಇರಲಿಲ್ಲ. ಇನ್ನೊಂದು ಮಾತು: ಪರದೆ ಹಳತಾದಂತೆ ಜನ ಅದಕ್ಕೆ ಒಗ್ಗಿಕೊಳ್ಳುತ್ತಾರೆ, ಅಂತರ ಕಡಿಮೆಯಾಗುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಆದರೆ ವರ್ಷ ಕಳೆದಂತೆ ಅಂತರ ಹೆಚ್ಚಾಗಿತ್ತು.

ಯಾಕಿರಬಹುದು? ಕಣ್ಣಿನ ಆಯಾಸ ಅಂತ ಸುಲಭವಾಗಿ ಹೇಳಿಬಿಡಬಹುದು. ನನಗೆ ಹಾಗನಿಸುವುದಿಲ್ಲ. ಇಸ್ರೇಲಿನ ಸಂಶೋಧಕಿ ರಾಕೆಫೆತ್ ಅಕರ್ಮನ್ ಅವರ ಪ್ರಯೋಗಗಳು ಇದಕ್ಕಿಂತ ಒಳ್ಳೆಯ ಸುಳಿವು ಕೊಡುತ್ತವೆ. ಪರದೆಯಲ್ಲಿ ಓದಿದವರು ‘ನನಗೆ ಗೊತ್ತಾಯಿತು’ ಎಂದು ಬೇಗ ಅಂದುಕೊಂಡರು. ಬೇಗ ನಿಲ್ಲಿಸಿದರು. ಪರೀಕ್ಷೆಯಲ್ಲಿ ಅಷ್ಟು ಗೊತ್ತಿರಲಿಲ್ಲ. ಅಂದರೆ ಪರದೆ ಕಂಡ ತಕ್ಷಣ ನಮ್ಮ ಮನಸ್ಸು ಸುದ್ದಿಯ ತಲೆಬರಹ ನೋಡುವ ವೇಗಕ್ಕೆ ಹೋಗಿಬಿಡುತ್ತದೆ. ವರ್ಷಗಟ್ಟಲೆ ನಾವೇ ಕೊಟ್ಟ ತಾಲೀಮು ಅದು.

ಇದನ್ನು ನಿಮ್ಮ ದಿನಕ್ಕೆ ಹೊಂದಿಸಿ ನೋಡಿ. ಬ್ಯಾಂಕಿಗೆ ಬರುವ 30 ಪುಟದ ಸುತ್ತೋಲೆಯನ್ನು ಮೊಬೈಲಿನಲ್ಲಿ ಪಿಡಿಎಫ್ ತೆರೆದು ಬೆರಳಿನಿಂದ ತಳ್ಳುತ್ತಾ ಓದುತ್ತೀರಿ, ಅದೂ ಗ್ರಾಹಕರು ಮುಂದೆ ನಿಂತಿರುವಾಗ. ಕಾಗದ ನಿಜಕ್ಕೂ ನೆರವಿಗೆ ಬರುವುದು ಅಲ್ಲಿ. ಮುಖ್ಯವಾದ ಸುತ್ತೋಲೆಯನ್ನು ಮುದ್ರಿಸಿ, ಪೆನ್ನು ಹಿಡಿದು ಓದಿ. ನಾನು ವಿದ್ಯಾರ್ಥಿಗಳ ಪ್ರಬಂಧಗಳನ್ನು ಪರದೆಯಲ್ಲಿ ತಿದ್ದುವುದನ್ನು ಬಿಟ್ಟು ಆರು ವರ್ಷ ಆಯಿತು. ಒಂದು ಅಧ್ಯಾಯವನ್ನು ಎರಡು ಸಲ ಪರದೆಯಲ್ಲಿ ಓದಿ ಒಪ್ಪಿದ್ದೆ. ಮುದ್ರಿಸಿ ಓದಿದಾಗ, ಮೂರನೇ ಪುಟದಲ್ಲಿ ಹೇಳಿದ್ದಕ್ಕೆ ಹನ್ನೊಂದನೇ ಪುಟ ತದ್ವಿರುದ್ಧ ಎಂದು ಕಂಡಿತು. ಅಂದಿನಿಂದ ಕಾಗದವೇ.

ನಿಮ್ಮ ಕಾದಂಬರಿಯ ತೊಂದರೆ ಬೇರೆ. ಅದು ಕಾಗದದ ಪುಸ್ತಕವೇ ಆಗಿತ್ತು, ಆದರೂ ನಾಲ್ಕು ಪುಟಕ್ಕೆ ನಿಂತಿತು. ಅಲ್ಲಿ ಬಾಧಿಸುತ್ತಿರುವುದು ಪಕ್ಕದಲ್ಲಿರುವ ಫೋನು. ಫೋನನ್ನು ಮೇಜಿನ ಮೇಲಿಟ್ಟರೆ ಸಾಕು, ಮುಟ್ಟದಿದ್ದರೂ ಯೋಚನಾಶಕ್ತಿ ಕುಂದುತ್ತದೆ ಎಂದು 2017ರಲ್ಲಿ ಒಂದು ಅಧ್ಯಯನ ಹೇಳಿತು. ಆಮೇಲೆ ಅದನ್ನು ಮತ್ತೆ ಮಾಡಿದ ಎಲ್ಲರಿಗೂ ಅದೇ ಫಲ ಸಿಗಲಿಲ್ಲ. ಹಾಗಾಗಿ ಅದನ್ನು ಆಧಾರವಾಗಿ ಹಿಡಿಯುವುದಿಲ್ಲ. ಆದರೂ ಫೋನು ಬೇರೆ ಕೋಣೆಯಲ್ಲಿರಲಿ ಎಂದೇ ನಾನು ಹೇಳುತ್ತೇನೆ. ಕಾರಣ ಸರಳ. ಪಕ್ಕದಲ್ಲಿದ್ದರೆ ಕೈ ಯೋಚಿಸದೆ ಹೋಗುತ್ತದೆ. ಎದ್ದು ನಡುಮನೆ ದಾಟಿ ಹೋಗಬೇಕಾದರೆ ‘ನಾನೀಗ ಯಾಕೆ ಎದ್ದೆ?’ ಎಂಬ ಪ್ರಶ್ನೆಗೆ ಸಮಯ ಸಿಗುತ್ತದೆ.

ಮತ್ತೆ ಶುರು ಮಾಡುವಾಗ ಹೊಸದಾಗಿ ಕೊಂಡ, ಎಲ್ಲರೂ ಹೊಗಳುವ ಕಷ್ಟದ ಪುಸ್ತಕ ಬೇಡ. ಕಾಲೇಜಿನಲ್ಲಿ ಎರಡು ರಾತ್ರಿಯಲ್ಲಿ ಮುಗಿಸಿದಿರಲ್ಲ, ಅದನ್ನೇ ತೆಗೆಯಿರಿ. ಪಾತ್ರಗಳು ಗೊತ್ತು, ಊರು ಗೊತ್ತು. ಹೆಸರು ನೆನಪಿಡುವ ಹೊರೆ ಇಲ್ಲದೆ ಮನಸ್ಸು ಓದಿನ ಲಯಕ್ಕೆ ಮರಳಲು ಜಾಗವಾಗುತ್ತದೆ. ಮೊದಲ ವಾರ 20 ನಿಮಿಷ ಸಾಕು. ಹತ್ತನೇ ನಿಮಿಷಕ್ಕೆ ಚಡಪಡಿಕೆ ಬಂದೇ ಬರುತ್ತದೆ. ಅದು ಬಂತೆಂದು ಹೆದರಬೇಡಿ, ಅದು ಹಾದು ಹೋಗುವವರೆಗೆ ಕೂತಿರಿ.

ಈಗ ‘ಅಭಿವೃದ್ಧಿ’ಯ ಒತ್ತಿಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದೇ. ದಕ್ಕೆ ದ ಒತ್ತೋ, ಧ ಒತ್ತೋ? (ಧ ಒತ್ತು.) ಫೋನಿನಲ್ಲಿ ನಾವು ಕನ್ನಡ ಬರೆಯುವ ರೀತಿ ನೆನಪಿಸಿಕೊಳ್ಳಿ. ಹೆಚ್ಚಿನವರು ಇಂಗ್ಲಿಷ್ ಅಕ್ಷರಗಳಲ್ಲಿ ಏನೋ ಒಂದು ಒತ್ತುತ್ತಾರೆ. ಮೇಲೆ ಮೂರು ಕನ್ನಡ ಪದ ಮೂಡುತ್ತವೆ. ಸರಿಯಾದದ್ದನ್ನು ಮುಟ್ಟುತ್ತೇವೆ. ಇಲ್ಲಿ ನಾವು ಪದವನ್ನು ಗುರುತು ಹಿಡಿದೆವು. ಕಟ್ಟಲಿಲ್ಲ. ಮುಖ ನೋಡಿ ಗುರುತಿಸುವುದಕ್ಕೂ ಆ ಮುಖವನ್ನು ನೆನಪಿನಿಂದ ಬಿಡಿಸುವುದಕ್ಕೂ ಇರುವ ವ್ಯತ್ಯಾಸ ಇದು. ಮೊದಲನೆಯದನ್ನೇ ಹತ್ತು ವರ್ಷ ಮಾಡಿದರೆ ಎರಡನೆಯದು ಕೈಬಿಟ್ಟು ಹೋಗುತ್ತದೆ.

ಚೀನಾದಲ್ಲಿ ಇದಕ್ಕೆ ಒಂದು ನುಡಿಗಟ್ಟೇ ಇದೆ. ‘ಲೇಖನಿ ಎತ್ತಿದರೆ ಅಕ್ಷರ ಮರೆವು’ ಎಂಬ ಅರ್ಥ ಕೊಡುವ ಮಾತು. ಅಲ್ಲೂ ಜನ ರೋಮನ್ ಅಕ್ಷರದಲ್ಲಿ ಉಚ್ಚಾರಣೆ ಒತ್ತುತ್ತಾರೆ, ಪಟ್ಟಿಯಿಂದ ಚೀನೀ ಅಕ್ಷರ ಆರಿಸುತ್ತಾರೆ. ಓದಲು ಚೆನ್ನಾಗಿಯೇ ಬರುತ್ತದೆ, ಕೈಯಲ್ಲಿ ಬರೆಯಲು ಹೋದರೆ ಗೆರೆಗಳು ಮಾಯ. ನಮ್ಮ ಪರಿಸ್ಥಿತಿ ಅಷ್ಟು ಕಷ್ಟದ್ದಲ್ಲ. ಅವರಿಗೆ ಸಾವಿರಾರು ಅಕ್ಷರ. ನಮಗೆ ವರ್ಣಮಾಲೆಯ 49, ಉಳಿದದ್ದೆಲ್ಲ ಗುಣಿತ ಮತ್ತು ಒತ್ತಿನ ಜೋಡಣೆ. ಆದರೆ ಆ ಜೋಡಣೆ ಕಲಿಯುವುದೂ ಸಣ್ಣ ಕೆಲಸವಲ್ಲ. ಕನ್ನಡ ಶಾಲೆಗಳ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಮಾಡಿದ ಅಧ್ಯಯನ 2007ರಲ್ಲಿ ಬಂತು. ಇಂಗ್ಲಿಷ್ ಮಕ್ಕಳು ಅಕ್ಷರಮಾಲೆಯನ್ನು ಬಲು ಬೇಗ ಮುಗಿಸುತ್ತಾರೆ. ನಮ್ಮ ಮಕ್ಕಳು ನಾಲ್ಕನೇ ತರಗತಿಯಲ್ಲೂ ಅಕ್ಷರಗಳನ್ನು ಕಲಿಯುತ್ತಲೇ ಇರುತ್ತಾರೆ ಎಂದು ಅದು ತೋರಿಸಿತು. ಅಷ್ಟು ವರ್ಷದ ದುಡಿಮೆಯಿಂದ ಬಂದದ್ದು ಆ ಧ ಒತ್ತು.

ಹಾಗೆಂದು ಕೀಲಿಮಣೆಯನ್ನೇ ದೂರಬೇಡಿ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ‘ನುಡಿ’ ತಂತ್ರಾಂಶದಲ್ಲಿದೆ, ನಿಮ್ಮ ಕಚೇರಿಯಲ್ಲೂ ಯಾರೋ ಬಳಸುತ್ತಿರಬಹುದು. ಅದರಲ್ಲಿ ದ ಒತ್ತಬೇಕು, ಆಮೇಲೆ ಜೋಡಿಸುವ ಕೀಲಿ, ಆಮೇಲೆ ಧ. ಒತ್ತು ಯಾವುದು ಎಂದು ನೀವೇ ತೀರ್ಮಾನಿಸಬೇಕು. ಎರಡೂ ಕೀಲಿಮಣೆಯೇ, ಕೆಲಸ ಬೇರೆ. ಒಂದು ಬರೀ ಅಕ್ಷರ ಮೂಡಿಸುತ್ತದೆ, ಇನ್ನೊಂದು ನಮ್ಮ ಬದಲು ನೆನಪಿಸಿಕೊಳ್ಳುತ್ತದೆ. ನನ್ನ ಇಡೀ ಉತ್ತರ ಈ ವ್ಯತ್ಯಾಸದ ಮೇಲೆ ನಿಂತಿದೆ. ಯಾವ ಹೆಜ್ಜೆಯನ್ನು ಯಂತ್ರಕ್ಕೆ ಬಿಟ್ಟೆವು ಎಂದು ನೋಡಬೇಕು.

ನಿಮ್ಮ ಮಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಗಂಭೀರ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಗಣಿತದ ಪ್ರಯೋಗ ನಡೆಯಿತು. 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಒಂದು ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿ ಮಾತ್ರ. ಎರಡನೇ ಗುಂಪಿಗೆ ಚಾಟ್‌ಜಿಪಿಟಿಯಂಥದ್ದು, ಏನು ಕೇಳಿದರೂ ಉತ್ತರ ಕೊಡುವಂಥದ್ದು. ಮೂರನೇ ಗುಂಪಿನದು ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ್ದು. ಅಭ್ಯಾಸ ಮಾಡುವಾಗ ಎರಡನೇ ಗುಂಪಿನ ಅಂಕ ಮೊದಲ ಗುಂಪಿಗಿಂತ 48% ಹೆಚ್ಚು, ಮೂರನೆಯದು 127% ಹೆಚ್ಚು. ಆಮೇಲೆ ಎಲ್ಲರಿಂದ ಯಂತ್ರ ತೆಗೆದುಕೊಂಡು ಪರೀಕ್ಷೆ ಮಾಡಿದರು. ನೇರ ಉತ್ತರ ಪಡೆದ ಮಕ್ಕಳು ಯಂತ್ರವನ್ನೇ ಕಾಣದ ಮಕ್ಕಳಿಗಿಂತ 17% ಕಡಿಮೆ ಅಂಕ ತೆಗೆದರು. ಸುಳಿವು ಪಡೆದವರಿಗೆ ಆ ನಷ್ಟ ಹೆಚ್ಚುಕಮ್ಮಿ ಇರಲೇ ಇಲ್ಲ. ನನಗೆ ಬೇಸರ ತಂದ ಮಾತು ಇನ್ನೊಂದಿದೆ. ಕಡಿಮೆ ಕಲಿತ ಮಕ್ಕಳಿಗೆ ತಾವು ಕಡಿಮೆ ಕಲಿತಿದ್ದೇವೆ ಎಂದು ಅನಿಸಿಯೇ ಇರಲಿಲ್ಲ.

ಹಾಗಾಗಿ ಮಗಳ ಫೋನ್ ಕಿತ್ತುಕೊಳ್ಳಬೇಡಿ. ಪಿಯುಸಿ ವರ್ಷದಲ್ಲಿ ಮನೆಯಲ್ಲಿ ಜಗಳ ಬೇರೆ ಬೇಡ. ಕ್ರಮ ಬದಲಿಸಲು ಹೇಳಿ. ಲೆಕ್ಕ ಬರಲಿಲ್ಲವೆಂದರೆ ಮೊದಲು 15 ನಿಮಿಷ ನೋಟ್‌ಬುಕ್ಕಿನಲ್ಲಿ ಒದ್ದಾಡಲಿ. ತಪ್ಪಾದರೂ ಸರಿ, ಒಂದು ದಾರಿ ಬರೆಯಲಿ. ಆಮೇಲೆ ‘ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದೆ ಅಷ್ಟು ಹೇಳು’ ಎಂದು ಕೇಳಲಿ. ಸಿಕ್ಕ ಮೇಲೆ ಫೋನ್ ಬದಿಗಿಟ್ಟು ಅದೇ ಲೆಕ್ಕವನ್ನು ಮೊದಲಿನಿಂದ ಮತ್ತೆ ಬಿಡಿಸಲಿ. ಆ ಕೊನೆಯ ಹೆಜ್ಜೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕಲಿಕೆ ಇರುವುದೇ ಅಲ್ಲಿ. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೊರಗೆಳೆದವರಿಗೆ ವಾರದ ನಂತರ ಹೆಚ್ಚು ಉಳಿದಿರುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಇದನ್ನು ತೋರಿಸಿದರು. ಆಮೇಲೆ ಎಷ್ಟೋ ಕಡೆ ಎಷ್ಟೋ ಜನ ಮಾಡಿ ನೋಡಿದರೂ ನಿಂತ ಮಾತಿದು.

‘ಹುಡುಕಿದರೆ ಸಿಗೋದನ್ನ ಯಾಕೆ ನೆನಪಿಟ್ಕೋಬೇಕು?’ ಈ ಪ್ರಶ್ನೆ ಒಳ್ಳೆಯದು. ಅವಳಿಗೆ ಬೈಯಬೇಡಿ, ಉತ್ತರ ಕೊಡೋಣ.

ಉಳಿಸಿಡಲು ಬೇರೆ ಜಾಗ ಇದೆ ಎಂದು ಗೊತ್ತಾದರೆ ನಾವು ವಿಷಯವನ್ನು ಬಿಡುತ್ತೇವೆ, ಎಲ್ಲಿದೆ ಎಂಬುದನ್ನು ಹಿಡಿದುಕೊಳ್ಳುತ್ತೇವೆ. ಮನೋವಿಜ್ಞಾನಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು 2011ರಲ್ಲಿ ಹೇಳಿದ್ದು ಇದನ್ನೇ. ಅವರ ನಾಲ್ಕು ಪ್ರಯೋಗಗಳಲ್ಲಿ ಒಂದು ಮತ್ತೆ ಮಾಡಿದಾಗ ನಿಲ್ಲಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಫೋನ್ ನಂಬರುಗಳ ವಿಷಯದಲ್ಲಿ ನಮಗೆಲ್ಲ ಇದು ಅನುಭವದ ಮಾತು. ನಂಬರ್ ಮರೆತರೆ ಅಂಥ ನಷ್ಟವೇನಿಲ್ಲ. ಯೋಚಿಸಲು ಬೇಕಾದದ್ದನ್ನು ಮರೆತರೆ ನಷ್ಟ.

ಒಂದು ಸಾಲು ಕೊಡುತ್ತೇನೆ. ‘ಗೂಗ್ಲಿಗೆ ಬ್ಯಾಟಿನ ಅಂಚು ತಾಗಿತು, ಸ್ಲಿಪ್‌ನಲ್ಲಿದ್ದವನು ತಪ್ಪು ಮಾಡಲಿಲ್ಲ.’ ನಿಮಗೆ ಚಿತ್ರ ಕಣ್ಣಮುಂದೆ ಬಂತು. ಕ್ರಿಕೆಟ್ ಗೊತ್ತಿಲ್ಲದವರು ಗೂಗ್ಲಿ, ಅಂಚು, ಸ್ಲಿಪ್ ಮೂರನ್ನೂ ಹುಡುಕಬಹುದು. ಮೂರೂ ಸಿಗುತ್ತವೆ. ಆದರೆ ಮೂರನೆಯದು ಸಿಗುವಷ್ಟರಲ್ಲಿ ಮೊದಲನೆಯದು ಜಾರಿರುತ್ತದೆ. ಯಾಕೆಂದರೆ ನಮ್ಮ ಮನಸ್ಸಿನ ಕೆಲಸದ ಮೇಜು ಬಹಳ ಚಿಕ್ಕದು, ಒಮ್ಮೆಗೆ ಸುಮಾರು ನಾಲ್ಕು ಸಂಗತಿ ಹಿಡಿದರೆ ಹೆಚ್ಚು. ಅಮೆರಿಕದಲ್ಲಿ 1988ರಲ್ಲಿ ಬೇಸ್‌ಬಾಲ್ ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಓದಿನಲ್ಲಿ ಹಿಂದಿದ್ದು ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಆ ಬರಹವನ್ನು ಚೆನ್ನಾಗಿ ಅರ್ಥಮಾಡಿಕೊಂಡರು.

ನಿಮ್ಮ ತಂದೆಯ ಕಾಲದಲ್ಲಿ ಕಾಲು, ಅರ್ಧ, ಮುಕ್ಕಾಲರ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಅದರ ಪ್ರಯೋಜನ ಉತ್ತರ ಬೇಗ ಬರುವುದು ಮಾತ್ರ ಆಗಿರಲಿಲ್ಲ. ಉತ್ತರ ತಾನಾಗಿ ಬಂದರೆ ಆ ಚಿಕ್ಕ ಮೇಜು ಖಾಲಿ ಉಳಿಯುತ್ತದೆ. ‘ಈ ಲೆಕ್ಕ ಏನು ಕೇಳುತ್ತಿದೆ’ ಎಂದು ಯೋಚಿಸಲು ಜಾಗ ಇರುತ್ತದೆ. ನಿಮ್ಮ ಮಗಳಿಗೆ ಇಷ್ಟು ಹೇಳಿ: ತಲೆಯೊಳಗೆ ಇಲ್ಲದ್ದನ್ನು ಹುಡುಕಬಹುದು, ಅದರ ಜೊತೆ ಯೋಚಿಸಲು ಆಗುವುದಿಲ್ಲ. ಏನನ್ನು ಹುಡುಕಬೇಕು ಎಂದು ಹೊಳೆಯುವುದಕ್ಕೂ ಒಳಗೆ ಒಂದಷ್ಟು ಇರಬೇಕು. ಸಿಕ್ಕ ಉತ್ತರ ತಪ್ಪಾಗಿದ್ದರೆ ಗೊತ್ತಾಗುವುದಕ್ಕಂತೂ ಇನ್ನೂ ಜಾಸ್ತಿ ಇರಬೇಕು.

ಯಂತ್ರಕ್ಕೆ ಬಿಟ್ಟ ಕೆಲಸ ಕೈಬಿಟ್ಟು ಹೋಗುವುದು ನುರಿತವರಿಗೂ ತಪ್ಪಿದ್ದಲ್ಲ. ಪೋಲೆಂಡಿನಲ್ಲಿ ದೊಡ್ಡ ಕರುಳಿನ ತಪಾಸಣೆ ಮಾಡುವ 19 ಅನುಭವಿ ವೈದ್ಯರ ಲೆಕ್ಕ 2025ರಲ್ಲಿ ಬಂತು. ಗಡ್ಡೆ ತೋರಿಸುವ ಎಐ ನೆರವು ಬಂದು ರೂಢಿಯಾದ ಮೇಲೆ, ಅದಿಲ್ಲದೆ ಮಾಡಿದ ತಪಾಸಣೆಗಳಲ್ಲಿ ಗಡ್ಡೆ ಪತ್ತೆಯಾದ ಪ್ರಮಾಣ 28.4%ನಿಂದ 22.4%ಗೆ ಇಳಿದಿತ್ತು. ಬೇರೆ ಕಾರಣಗಳೂ ಸೇರಿರಬಹುದು, ಒಂದೇ ಅಧ್ಯಯನ. ಆದರೂ ಅದನ್ನು ಓದಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ.

ಇನ್ನು ಉಳಿದದ್ದು ನಿಮ್ಮ ತಂದೆ. ಅವರ ಬಗ್ಗೆ ಚಿಂತೆ ಬೇಡ. 50 ದಾಟಿದವರ ಮೇಲೆ ನಡೆದ 57 ಅಧ್ಯಯನಗಳನ್ನು ಅಮೆರಿಕದ ಇಬ್ಬರು ಸಂಶೋಧಕರು 2025ರಲ್ಲಿ ಒಟ್ಟು ಮಾಡಿದರು. 4,11,000ಕ್ಕೂ ಹೆಚ್ಚು ಜನರ ಲೆಕ್ಕ. ಕಂಪ್ಯೂಟರ್, ಫೋನ್, ಇಂಟರ್‌ನೆಟ್ ಬಳಸುವವರಲ್ಲಿ ನೆನಪು ಮತ್ತು ಬುದ್ಧಿ ಮಸುಕಾಗುವುದು ಕಡಿಮೆಯೇ ಇತ್ತು. ಬುದ್ಧಿ ಚುರುಕಿರುವವರೇ ಫೋನ್ ಕಲಿಯುತ್ತಾರೆ ಎಂಬುದೂ ಇದರಲ್ಲಿ ಸ್ವಲ್ಪ ಸೇರಿರಬಹುದು. ಆದರೆ ಓದು, ಆದಾಯ ಇಂಥದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ನಂಟು ಉಳಿಯಿತು. ನನಗೆ ಇದು ಆಶ್ಚರ್ಯ ಅನಿಸುವುದಿಲ್ಲ. 76ರಲ್ಲಿ ಹೊಸ ಯಂತ್ರ ಕಲಿಯುವುದು ಅವರಿಗೆ ದಿನಾ ಒಂದು ಒಗಟು ಬಿಡಿಸಿದಂತೆ. ನಿಮ್ಮ ಮಗಳಿಗೆ ಹೆಣಗಾಟ ತಪ್ಪಿಸುವ ಫೋನೇ ಅವರಿಗೆ ಹೆಣಗಾಟ ಕೊಡುತ್ತಿದೆ.

ಅವರಿಗೆ ಅಕ್ಷರ ದೊಡ್ಡದು ಮಾಡುವುದನ್ನು ಮೊದಲು ತೋರಿಸಿ. ಪತ್ರಿಕೆ ಓದುವುದು, ದೂರದ ನೆಂಟರಿಗೆ ವಿಡಿಯೊ ಕರೆ ಮಾಡುವುದು ಆಮೇಲೆ. ಅವರು ಕೇಳಿದಾಗ ಫೋನ್ ಕಸಿದು ನೀವೇ ಮಾಡಿ ಕೊಡಬೇಡಿ, ಅವರ ಬೆರಳಿನಿಂದಲೇ ಮಾಡಿಸಿ. ಎರಡು ಸಲ ಜಾಸ್ತಿ ಹೇಳಬೇಕಾದರೂ ಸರಿ. ಮತ್ತೆ, ಯಾರು ಕರೆ ಮಾಡಿ ಏನೇ ಹೆದರಿಸಿದರೂ ಒಟಿಪಿ ಹೇಳಬಾರದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅವರ ಕನ್ನಡಕದ ಡಬ್ಬಿಯಲ್ಲಿಡಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗನ ಕೈಬರಹದಲ್ಲೇ ಇರಲಿ ಆ ಚೀಟಿ.